ತೋಟದ ದಾರಿಗೆ ಕಾಂಕ್ರೀಟಿನ ಮೋಹ ಯಾಕೆ?

ಬಾವಿಗೆ ದುಡ್ಡು ಹಾಕುತ್ತೇವೆ, ಬೋರಿಗೆ ಹಾಕುತ್ತೇವೆ. ಹನಿ ನೀರಾವರಿಯ ಪೈಪು, ಸಸಿ, ಗೊಬ್ಬರ, ಔಷಧ ಎಲ್ಲದಕ್ಕೂ ಹಾಕುತ್ತೇವೆ. ಆದರೆ ಹೊಲದ ಬದುವಿನಿಂದ ಗಿಡದ ಸಾಲಿನವರೆಗೆ ಹೋಗುವ ದಾರಿಗೆ ನಮ್ಮ ಖರ್ಚಿನ ವಹಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಕೇಳಿದರೆ, ‘ದಾರಿಗೇನ್ರೀ, ನಡದಂಗ ದಾರಿ ಆಗ್ತದ’ ಎಂಬ ಉತ್ತರ ತಯಾರಿರುತ್ತದೆ. ಬೇಸಿಗೆಯಲ್ಲಿ ಈ ಮಾತು ಖರೆ. ಮಳೆ ಹಿಡಿದಾಗ ಮಾತ್ರ ಇದರ ಲೆಕ್ಕ ಚುಕ್ತಾ ಮಾಡಬೇಕಾಗುತ್ತದೆ.

ಅಂಬೆ ಬಹಾರದ ದಾಳಿಂಬೆ ಕಟಾವಿಗೆ ಬರುವುದು ಮಳೆಯ ತಿಂಗಳಲ್ಲೇ. ದಾಳಿಂಬೆಗೆ ತೇಲ್ಯಾ ರೋಗ ಹಬ್ಬುವುದೂ ಆಗಲೇ. ದ್ರಾಕ್ಷಿಗೆ ಅಕ್ಟೋಬರದ ಛಾಟಣಿ ಮುಗಿದ ಮೇಲೆ ಮಳೆ ಸುರಿದರೆ ಡೌನಿ ಬೀಳುತ್ತದೆ, ತಡಮಾಡದೆ ಔಷಧ ಹೊಡೆಯಬೇಕು. ಅದೇ ದಿನ ಟ್ರ್ಯಾಕ್ಟರು ತೋಟದ ಬಾಯಿಯಲ್ಲಿ ಅಚ್ಚಿನ ತನಕ ಹೂತು ಕೂತಿರುತ್ತದೆ. ಎರಡು ದಿನ ತಡವಾದರೆ ವರ್ಷದ ಬೆಳೆಗೇ ಪೆಟ್ಟು. ಇನ್ನು ಹಣ್ಣಿನ ಕ್ರೇಟುಗಳನ್ನು ಹೆಂಗಸರು ತಲೆಯ ಮೇಲೆ ಹೊತ್ತು ಕೆಸರಿನಲ್ಲಿ ಜಾರುತ್ತ ರಸ್ತೆಗೆ ತರಬೇಕು. ನಮ್ಮ ಜತ್ತ, ಅಕ್ಕಲಕೋಟ ಭಾಗದಲ್ಲಿ ತೋಟದ ವಸ್ತಿಯಲ್ಲೇ ಮನೆ ಮಾಡಿಕೊಂಡ ಕುಟುಂಬಗಳು ಬಹಳ. ಅವರಿಗೆ ತೋಟದ ದಾರಿಯೇ ಊರ ದಾರಿ. ಮಗು ಶಾಲೆಗೆ ಹೋಗುವುದು, ಹಾಲು ಡೇರಿಗೆ ಹೋಗುವುದು, ಬಸುರಿ ದವಾಖಾನೆಗೆ ಹೋಗುವುದು ಎಲ್ಲ ಅದರ ಮೇಲೆಯೇ.

ಹೀಗಾಗಿ ಈಚೆಗೆ ಎರಡು ಉಪಾಯ ನಡೆದಿವೆ. ಕೈಯಲ್ಲಿ ದುಡ್ಡಿದ್ದವರು ಕಾಂಕ್ರೀಟ್ ಹಾಕಿಸುತ್ತಾರೆ. ಇಲ್ಲದವರು ವರ್ಷ ವರ್ಷ ಗರಸು ತಂದು ಸುರಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ತೋಟದ ದಾರಿಯ ಮಟ್ಟಿಗೆ ಈ ಎರಡೂ ಬಹುಪಾಲು ಹಣ ಕಳೆಯುವ ದಾರಿಗಳು. ಮೂರನೆಯ ದಾರಿಯೊಂದಿದೆ. ಅಲ್ಲಿ ಇರುವ ಮಣ್ಣನ್ನೇ ತಕ್ಕ ಅಂಟಿನಿಂದ ಬಿಗಿಯುವುದು. ಯಾವ ಮಣ್ಣಿಗೆ ಯಾವ ಅಂಟು ಎಂಬುದು ಗೊತ್ತಿದ್ದರೆ ಸಾಕು. ಇದು ಹೊಸ ಶೋಧವಲ್ಲ. ನಮಗೆ ಮರೆತುಹೋದ ಸಂಗತಿ, ಅಷ್ಟೇ.

ಎರೆ ಮಣ್ಣು ಗರಸನ್ನು ನುಂಗುವುದೇಕೆ?

ಮೊದಲು ರೋಗ ತಿಳಿಯೋಣ, ಆಮೇಲೆ ಮದ್ದು. ನಮ್ಮ ಎರೆ ಮಣ್ಣಿನಲ್ಲಿರುವ ಜಿಗುಟು ಮಣ್ಣನ್ನು ವಿಜ್ಞಾನಿಗಳು ಮಾಂಟ್‌ಮೋರಿಲೊನೈಟ್ ಎನ್ನುತ್ತಾರೆ. ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಅದರ ರಚನೆ. ನೀರು ಬಿದ್ದರೆ ಹಾಳೆಗಳ ನಡುವೆ ಸೇರಿಕೊಂಡು ಮಣ್ಣು ಉಬ್ಬುತ್ತದೆ. ಒಣಗಿದರೆ ಕುಗ್ಗಿ, ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಬೆಳೆಗೆ ಇದು ಒಳ್ಳೆಯ ಗುಣ, ನೀರು ಹಿಡಿದಿಟ್ಟುಕೊಳ್ಳುತ್ತದೆ. ದಾರಿಗೆ ಇದೇ ಶನಿ.

ಇಂಥ ಮಣ್ಣಿನ ಮೇಲೆ ಗರಸು ಸುರಿದರೆ ಏನಾಗುತ್ತದೆ? ಮೊದಲ ಮಳೆಗೆ ಕೆಳಗಿನ ಎರೆ ಮೆತ್ತಗಾಗುತ್ತದೆ. ಗಾಲಿಯ ಭಾರಕ್ಕೆ ಗರಸು ಕೆಳಗಿಳಿಯುತ್ತದೆ, ರಾಡಿ ಮೇಲೇಳುತ್ತದೆ. ಎರಡು ಮಳೆಗಾಲದಲ್ಲಿ ಹಾಕಿದ್ದು ಎಲ್ಲಿ ಹೋಯಿತು ಎಂದು ಹುಡುಕಬೇಕು. ನೂರು ಮೀಟರು ಉದ್ದ, ಎರಡೂವರೆ ಮೀಟರು ಅಗಲದ ದಾರಿಗೆ ಅರ್ಧ ಅಡಿ ಗರಸು ಹಾಕಲು ಹದಿಮೂರು ಬ್ರಾಸಿಗೆ ಕಡಿಮೆಯಾಗದು. ಇಷ್ಟನ್ನು ಎರಡು ಮೂರು ವರ್ಷಕ್ಕೊಮ್ಮೆ ಮಣ್ಣಿಗೆ ಉಣಿಸುವುದು ಯಾವ ವ್ಯಾಪಾರ?

ಕಾಂಕ್ರೀಟಿನ ಕಥೆಯೂ ಸುಖದ್ದಲ್ಲ. ಅದೇ ನೂರು ಮೀಟರಿಗೆ ನಾಲ್ಕು ಇಂಚು ದಪ್ಪ ಹಾಕಿದರೆ 25 ಘನ ಮೀಟರು ಕಾಂಕ್ರೀಟ್ ಬೇಕು. ಘನ ಮೀಟರಿಗೆ ಆರು ಚೀಲದಂತೆ 150 ಚೀಲ ಸಿಮೆಂಟು, ಏಳು ಬ್ರಾಸಿನಷ್ಟು ಖಡಿ, ಸುಮಾರು ನಾಲ್ಕು ಬ್ರಾಸ್ ಉಸುಕು. ಇಷ್ಟೆಲ್ಲ ಹಾಕಿದ ಮೇಲೂ ಕೆಳಗಿನ ಎರೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಕುಗ್ಗಿದರೆ ತೆಳ್ಳನೆಯ ಹಾಸು ಸೀಳುತ್ತದೆ. ಪೈಪು ಒಡೆದರೆ ಕಾಂಕ್ರೀಟನ್ನೇ ಒಡೆಯಬೇಕು. ಮಳೆಯ ನೀರು ಅದರ ಮೇಲಿಂದ ಓಡಿ ಅಂಚಿನ ಮಣ್ಣನ್ನು ಕೊರೆಯುತ್ತದೆ. ಊರೊಳಗಿನ ಓಣಿಗೆ ಅದು ಸರಿ ಇರಬಹುದು. ವರ್ಷಕ್ಕೊಮ್ಮೆ ಸಾಲು ಬದಲಾಗುವ, ಪೈಪು ಬದಲಾಗುವ ತೋಟಕ್ಕೆ ಅದು ಹೊಂದುವುದಿಲ್ಲ.

ಸುಣ್ಣ ಮಾಡುವ ಕೆಲಸ

ಎರೆ ಮಣ್ಣಿಗೆ ಮದ್ದು ಸುಣ್ಣ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟು ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿ ಅರಳಿಸಿದರೆ ಪುಡಿ ಸುಣ್ಣ. ಇದನ್ನು ಎರೆ ಮಣ್ಣಿಗೆ ಕಲಸಿದಾಗ ಎರಡು ಕೆಲಸ ನಡೆಯುತ್ತವೆ.

ಮೊದಲನೆಯದು ಕೆಲವೇ ತಾಸುಗಳಲ್ಲಿ ಕಾಣುತ್ತದೆ. ಸುಣ್ಣದ ಕ್ಯಾಲ್ಸಿಯಂ ಮಣ್ಣಿನ ಹಾಳೆಗಳಿಗೆ ಅಂಟಿಕೊಂಡು ಅವುಗಳನ್ನು ಗುಂಪುಗೂಡಿಸುತ್ತದೆ. ಕೈಗೆ ಹತ್ತುತ್ತಿದ್ದ ಜಿಗುಟು ಮಣ್ಣು ರವೆಯಂತೆ ಉದುರಾಗುತ್ತದೆ. ಎರಡನೆಯದು ನಿಧಾನದ ಕೆಲಸ. ಸುಣ್ಣದ ತೀಕ್ಷ್ಣ ಕ್ಷಾರಕ್ಕೆ ಮಣ್ಣಿನೊಳಗಿನ ಸಿಲಿಕ, ಅಲ್ಯುಮಿನ ಕರಗಿ, ಸುಣ್ಣದೊಡನೆ ಕೂಡಿ ಸಿಮೆಂಟಿನಲ್ಲಿ ಆಗುವಂಥದೇ ಅಂಟು ತಯಾರಾಗುತ್ತದೆ. ಇದು ವಾರಗಟ್ಟಲೆ, ತಿಂಗಳುಗಟ್ಟಲೆ ಬಲಿಯುತ್ತ ಹೋಗುತ್ತದೆ. ಅಂದರೆ ಹೊರಗಿನಿಂದ ಸಿಮೆಂಟು ತಂದು ಸುರಿಯುವ ಬದಲು, ಅರ್ಧ ಸಾಮಾನನ್ನು ನಮ್ಮ ಹೊಲದ ಮಣ್ಣಿನಿಂದಲೇ ತೆಗೆದು ದಾರಿಯಲ್ಲೇ ಅಂಟು ಮಾಡಿಕೊಂಡಂತಾಯಿತು.

ಇದು ನನ್ನ ಮನೆಯ ಶಾಸ್ತ್ರವಲ್ಲ. 1934ರಲ್ಲಿ ಸ್ಥಾಪನೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಸುಣ್ಣ, ಸಿಮೆಂಟು, ಹಾರುಬೂದಿಗಳಿಂದ ಮಣ್ಣು ಬಿಗಿಯುವ ಬಗ್ಗೆ 2010ರಲ್ಲಿ ಪ್ರತ್ಯೇಕ ಮಾರ್ಗದರ್ಶಿಯನ್ನೇ ಹೊರಡಿಸಿದೆ. ರಸ್ತೆ ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತು. ತೋಟದವರಿಗೆ ಯಾರೂ ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಪ್ರಮಾಣ ಎಷ್ಟು? ಒಣ ಮಣ್ಣಿನ ತೂಕದ ಶೇಕಡಾ 3ರಿಂದ 6. ತೋಟದ ದಾರಿಗೆ 4 ಎಂದು ಹಿಡಿಯೋಣ. ಅದೇ ನೂರು ಮೀಟರು ದಾರಿ, ಎರಡೂವರೆ ಮೀಟರು ಅಗಲ, ಅರ್ಧ ಅಡಿ ಆಳ. ಬಿಗಿದ ಮಣ್ಣು ಸುಮಾರು 56 ಟನ್. ಅದಕ್ಕೆ ಸುಣ್ಣ ಎರಡೂಕಾಲು ಟನ್, ಅಂದರೆ 25 ಕಿಲೋದ 90 ಚೀಲ. ಮೀಟರಿಗೆ ಒಂದು ಚೀಲಕ್ಕೆ ಸ್ವಲ್ಪ ಕಡಿಮೆ. ಖಡಿ ಇಲ್ಲ, ಉಸುಕು ಇಲ್ಲ. ಬರೀ ಕಾಲುದಾರಿ, ಒಂದು ಮೀಟರು ಅಗಲ, ನಾಲ್ಕು ಇಂಚು ಆಳ ಸಾಕೆಂದರೆ ನೂರು ಮೀಟರಿಗೆ 24 ಚೀಲ. ನಿಮ್ಮ ಪೇಟೆಯ ದರ ಹಾಕಿ ನೀವೇ ಲೆಕ್ಕ ಮಾಡಿ ನೋಡಿ. ವ್ಯಾಪಾರಸ್ಥರಿಗೆ ನಾನು ಗುಣಾಕಾರ ಹೇಳಿಕೊಡಬೇಕಿಲ್ಲ.

ಒಂದು ಎಚ್ಚರ. ಸುಣ್ಣವನ್ನು ಬುಟ್ಟಿಯಲ್ಲಿ ಅಳೆಯಬೇಡಿ. ಅರಳಿದ ಸುಣ್ಣ ಬಹಳ ಹಗುರು. ನೂರು ಬುಟ್ಟಿ ಮಣ್ಣಿಗೆ ನಾಲ್ಕು ಬುಟ್ಟಿ ಸುಣ್ಣ ಹಾಕಿದರೆ ತೂಕದಲ್ಲಿ ಅದು ನಾಲ್ಕರ ಅರ್ಧವೂ ಆಗುವುದಿಲ್ಲ. ತಕ್ಕಡಿಯೇ ಬೇಕು.

ನಮ್ಮ ಹೊಲದಾಗ ಸುಣ್ಣ ಐತಲ್ರಿ?

ಈ ಪ್ರಶ್ನೆಯನ್ನು ನನಗೆ ಕೇಳದವರಿಲ್ಲ. ಎರೆ ಹೊಲ ಅಗೆದರೆ ಬಿಳಿ ಗುಳಿಗಳು ಸಿಗುತ್ತವೆ. ಮರಾಠಿಯಲ್ಲಿ ಚುನಖಡಿ ಜಮೀನು ಎಂದೇ ಕರೆಯುತ್ತಾರೆ. ಇಷ್ಟು ಸುಣ್ಣ ಇದ್ದೂ ದಾರಿ ಯಾಕೆ ರಾಡಿ? ಉತ್ತರ ಸರಳ. ಅದು ಸುಡದ ಸುಣ್ಣ, ಕ್ಯಾಲ್ಸಿಯಂ ಕಾರ್ಬೋನೇಟ್. ಕಲ್ಲು ಕಲ್ಲಾಗಿಯೇ ಇದೆ, ಮಣ್ಣಿನೊಡನೆ ಕೂಡುವ ಚೈತನ್ಯ ಅದಕ್ಕಿಲ್ಲ. ಭಟ್ಟಿಯ ಬೆಂಕಿ ಕಂಡ ಸುಣ್ಣಕ್ಕೆ ಮಾತ್ರ ಆ ಶಕ್ತಿ.

ಇದೇ ಕಾರಣಕ್ಕೆ ಗೊಬ್ಬರದ ಅಂಗಡಿಯಲ್ಲಿ ಹುಳಿ ಮಣ್ಣಿಗೆಂದು ಮಾರುವ ಸುಣ್ಣದ ಕಲ್ಲಿನ ಪುಡಿ, ಡಾಲೊಮೈಟ್ ಪುಡಿ ದಾರಿಗೆ ಉಪಯೋಗವಿಲ್ಲ. ನೋಡಲು ಎರಡೂ ಬಿಳಿ ಪುಡಿಯೇ. ಸುಟ್ಟು ಅರಳಿಸಿದ ಸುಣ್ಣವೂ ಗಾಳಿಗೆ ಬಿದ್ದು ಹಳೆಯದಾದರೆ ಮತ್ತೆ ಕಲ್ಲಿನ ಜಾತಿಗೇ ಸೇರುತ್ತದೆ. ಹರಕು ಚೀಲದ, ಮಳೆಗಾಲ ಕಂಡ ಸುಣ್ಣ ಕೊಳ್ಳಬೇಡಿ. ಪರೀಕ್ಷೆ ಮನೆಯಲ್ಲೇ ಇದೆ. ಚಿಟಿಕೆ ಪುಡಿಯ ಮೇಲೆ ಲಿಂಬೆ ರಸ ಹಿಂಡಿ. ಬುರುಬುರು ನೊರೆ ಎದ್ದರೆ ಅದು ಸತ್ತ ಸುಣ್ಣ ಅಥವಾ ಕಲ್ಲಿನ ಪುಡಿ. ನೊರೆ ಏಳದೆ ಕಲಸಿಕೊಂಡರೆ ಜೀವ ಇದೆ. ಮಾರುವವರೂ ಈ ಭೇದ ತಿಳಿದು ಎರಡನ್ನೂ ಬೇರೆ ಬೇರೆ ಇಟ್ಟರೆ ಗಿರಾಕಿಯ ವಿಶ್ವಾಸ ಉಳಿಯುತ್ತದೆ.

ಮಣ್ಣು ಬೇರೆ, ಅಂಟು ಬೇರೆ

ಈ ಪುಟ ಓದುವವರೆಲ್ಲರ ಹೊಲ ಎರೆಯದಲ್ಲ ಎಂಬುದು ನನಗೆ ಗೊತ್ತು. ನಾವು ಎರೆ ಎನ್ನುವುದನ್ನು ಮರಾಠಿಯವರು ಕಾಳಿ ಎನ್ನುತ್ತಾರೆ, ತೆಲುಗಿನವರು ನಲ್ಲರೇಗಡಿ ಎನ್ನುತ್ತಾರೆ. ನಮ್ಮ ಗರಸು ಅಲ್ಲಿ ಮುರೂಮು. ಸುಣ್ಣ ಸೊಲ್ಲಾಪುರದ ಪೇಟೆಯಲ್ಲಿ ಚುನಾ, ಆದವಾನಿಯಲ್ಲಿ ಸುನ್ನಂ, ತಾಳವಾಡಿಯಲ್ಲಿ ಸುಣ್ಣಾಂಬು, ಕಾಸರಗೋಡಿನಲ್ಲಿ ಕುಮ್ಮಾಯಂ. ಎರಡು ಭಾಷೆ ಬಲ್ಲ ನಮಗೆ ಹೆಸರಿನ ತೊಡಕಿಲ್ಲ. ಮಣ್ಣಿನ ಗುಣ ಮಾತ್ರ ಹೆಸರಿನಂತೆ ಅನುವಾದವಾಗುವುದಿಲ್ಲ, ಅದನ್ನು ಕೈಯಲ್ಲಿ ಹಿಡಿದೇ ನೋಡಬೇಕು.

ಮಡಕಶಿರಾ, ರಾಯದುರ್ಗ, ಹೊಸೂರು ಕಡೆಯ ಕೆಂಪು ಮಸಬು ನೆಲದಲ್ಲಿ ಉಸುಕು ಹೆಚ್ಚು, ಜಿಗುಟು ಕಡಿಮೆ. ಸುಣ್ಣ ಕೆಲಸ ಮಾಡಲು ಜಿಗುಟು ಮಣ್ಣು ಬೇಕು. ಅದಿಲ್ಲದ ಕಡೆ ಸುಣ್ಣ ಹಾಕಿದರೆ ಸುಣ್ಣ ಸುಮ್ಮನೆ ಕೂರುತ್ತದೆ. ಅಲ್ಲಿಗೆ ಸಿಮೆಂಟು ಹೊಂದುತ್ತದೆ, ಆದರೆ ಕಾಂಕ್ರೀಟಿನಷ್ಟು ಅಲ್ಲ. 20 ಕಿಲೋ ಮಣ್ಣಿಗೆ 1 ಕಿಲೋ ಸಿಮೆಂಟಿನಿಂದ ಆರಂಭಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಕೆಂಪು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ಪದ್ಧತಿ ಬೆಳೆಸಿದರು. ಆ ಇಟ್ಟಿಗೆಯಿಂದ ಅನೇಕ ಮನೆಗಳು ಎದ್ದು ನಿಂತಿವೆ. ಗೋಡೆಗೆ ನಿಂತ ಮಣ್ಣು ದಾರಿಗೆ ನಿಲ್ಲದೆ ಇರುತ್ತದೆಯೆ? ಸಿಮೆಂಟು ಬೇಡವೆನ್ನುವವರು ಸುಣ್ಣಕ್ಕೆ ಇಟ್ಟಿಗೆಯ ನುಣ್ಣನೆ ಪುಡಿಯನ್ನೋ, ರಾಯಚೂರಿನಂಥ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಹಾರುಬೂದಿಯನ್ನೋ ಜೊತೆ ಮಾಡಬಹುದು. ಮಣ್ಣಿನಲ್ಲಿ ಇಲ್ಲದ ಸಿಲಿಕವನ್ನು ಅವು ತುಂಬಿಕೊಡುತ್ತವೆ. ಬೂದಿಯನ್ನು ಕುಡಿಯುವ ನೀರಿನ ಬಾವಿಯ ಹತ್ತಿರ ಮಾತ್ರ ಹಾಕಬೇಡಿ.

ಕಾಸರಗೋಡಿನ ಅಡಿಕೆ ತೋಟದ್ದು ಇನ್ನೊಂದು ಲೆಕ್ಕ. ಅಲ್ಲಿ ನೆಲವೇ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಈ ಸೀಮೆಗಳಲ್ಲಿ ಸುತ್ತಿ, ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರದು. ನೆಲದಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಅದರ ಚೂರು ಹಾಕಿ ಸ್ವಲ್ಪ ಸಿಮೆಂಟು ಕೂಡಿಸಿದರೆ ಒಳ್ಳೆಯ ದಾರಿಯಾಗುತ್ತದೆ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆ ಇಳಿಜಾರಿನಲ್ಲಿ ಅಂಟಿಗಿಂತ ಮೊದಲು ಚರಂಡಿ. ನೀರಿಗೆ ಬೇರೆ ದಾರಿ ಕೊಡದಿದ್ದರೆ ಅದು ನಿಮ್ಮ ದಾರಿಯನ್ನೇ ತನ್ನದು ಮಾಡಿಕೊಳ್ಳುತ್ತದೆ.

ಅಮೆರಿಕದ ತೋಟದಲ್ಲಿ ಗುಜರಾತದ ಇಸಬಗೋಲು

ವ್ಯಾಪಾರಸ್ಥ ಓದುಗರಿಗೆ ಒಂದು ಸ್ವಾರಸ್ಯದ ಸಂಗತಿ. ಹೊಟ್ಟೆ ಕಟ್ಟಿದಾಗ ನಾವು ನೀರಿನಲ್ಲಿ ಕಲಸಿ ಕುಡಿಯುವ ಇಸಬಗೋಲು ಇದೆಯಲ್ಲ, ಅಮೆರಿಕದ ಆರಿಜೋನಾ, ಕ್ಯಾಲಿಫೋರ್ನಿಯಾ ಕಡೆ ಅದರ ಪುಡಿಯನ್ನು ಉದ್ಯಾನಗಳ ಕಾಲುದಾರಿಗೆ ಹಾಕುತ್ತಾರೆ. ಅಲ್ಲಿ ಕಣಶಿಲೆ ತಾನಾಗಿ ಶಿಥಿಲವಾಗಿ ಗರಸಾಗಿರುತ್ತದೆ. ಟನ್ನಿಗೆ ಆರೇಳು ಕಿಲೋ ಇಸಬಗೋಲು ಪುಡಿ ಕಲಸಿ, ನೀರು ಹಾಕಿ, ರೋಲರ್ ಎಳೆದರೆ ಲೋಳೆ ಹರಳುಗಳನ್ನು ಹಿಡಿದುಕೊಂಡು, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ನೋಡಲು ಮಣ್ಣಿನ ದಾರಿಯೇ, ಧೂಳಿಲ್ಲ. ಇಸಬಗೋಲು ಬೆಳೆಯುವುದರಲ್ಲಿ ಜಗತ್ತಿಗೇ ದೊಡ್ಡದು ನಮ್ಮ ದೇಶ. ಗುಜರಾತ, ರಾಜಸ್ಥಾನದ ಬೆಳೆ ಅದು. ಉಂಝಾ ಅದರ ದೊಡ್ಡ ಪೇಟೆ.

ನಾವೂ ಅದನ್ನೇ ಹಾಕಬೇಕೆ? ಬೇಡ. ಅದು ಮಳೆ ಕಡಿಮೆಯಿರುವ ಸೀಮೆಯ, ಜನ ನಡೆದಾಡುವ ದಾರಿಯ ಅಂಟು. ಟ್ರ್ಯಾಕ್ಟರಿನ ಗಾಲಿಗೆ, ವಾರಗಟ್ಟಲೆ ಹಿಡಿಯುವ ಮಳೆಗೆ ಅದು ತಡೆಯದು. ಆದರೆ ಅಲ್ಲಿಯ ಬುದ್ಧಿ ನೋಡಿ. ದುಡ್ಡಿಗೆ ಬರವಿಲ್ಲದ ನಾಡಿನವರೂ ತೋಟದ ದಾರಿಗೆ ಕಾಂಕ್ರೀಟ್ ಬೇಡ, ಮಣ್ಣಿನಂಥ ದಾರಿಯೇ ಬೇಕೆಂದು ಅಂಟು ಹುಡುಕುತ್ತಿದ್ದಾರೆ. ಮಣ್ಣಿನ ದಾರಿ ಬಡವರ ದಾರಿ ಎಂದು ನಾಚಿಕೊಳ್ಳುವುದನ್ನು ನಾವು ಬಿಡಬೇಕು.

ನಮ್ಮ ಹಿರಿಯರ ಕಣವೂ ಅಂಟಿನ ವಿದ್ಯೆಯೇ. ನೆಲ ಕೆತ್ತಿ, ನೀರು ಚಿಮುಕಿಸಿ, ಬಡಿದು, ಸೆಗಣಿ ಸಾರಿಸಿ ರಾಶಿ ಮಾಡುತ್ತಿದ್ದರು. ಆದರೆ ಅದು ಸುಗ್ಗಿಯ ಒಣ ದಿನಗಳ ನೆಲ, ಮಳೆಗೆ ನಿಲ್ಲದು. ಮಳೆಗೆ ನಿಲ್ಲಬೇಕಾದ ಕಡೆ ಅವರು ಗಚ್ಚುಗಾರೆಯನ್ನೇ ನಂಬಿದರು. 1656ರ ಹೊತ್ತಿಗೆ ಮುಗಿದ ವಿಜಯಪುರದ ಗೋಳಗುಮ್ಮಟ ನಿಂತಿರುವುದು ಸುಣ್ಣದ ಗಾರೆಯ ಮೇಲೆ. ಸೆಗಣಿಯ ಜಾಗ ಯಾವುದು, ಸುಣ್ಣದ ಜಾಗ ಯಾವುದು ಎಂಬ ವಿವೇಕ ಅವರಿಗಿತ್ತು.

ಮಾಡುವ ಕ್ರಮ

ನಮ್ಮ ತೋಟದ ಬಾಯಿಯಿಂದ ಪಂಪಿನ ಮನೆಯವರೆಗಿನ ದಾರಿ ಸುಣ್ಣದ್ದೇ. ಮಳೆಗಾಲದಲ್ಲಿ ಅದರ ಮೇಲೆ ಔಷಧದ ಬ್ಲೋವರ್ ಓಡುತ್ತದೆ. ಅಲ್ಲಿ ಅನುಸರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಪರೀಕ್ಷೆ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ತಳದಲ್ಲಿ ಉಸುಕು, ನಡುವೆ ಮೆಕ್ಕಲು, ಮೇಲೆ ಜಿಗುಟು ಮಣ್ಣು ಪದರ ಪದರವಾಗಿ ಕೂರುತ್ತದೆ. ಜಿಗುಟು ಹೆಚ್ಚಿದ್ದರೆ ಸುಣ್ಣ, ಉಸುಕು ಹೆಚ್ಚಿದ್ದರೆ ಸಿಮೆಂಟು. ಆಮೇಲೆ ಮಣ್ಣಿಗೆ ಶೇಕಡಾ 0, 3, 5, 7ರಂತೆ ಸುಣ್ಣ ತೂಗಿ ಕಲಸಿ, ಕೈಯಿಂದ ಬಿಗಿಯಾಗಿ ಒತ್ತಿ ಉಂಡೆ ಕಟ್ಟಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಏಳು ದಿನ ನೆರಳಿನಲ್ಲಿಡಿ. ಎಂಟನೆಯ ದಿನ ನೀರಿನಲ್ಲಿ ಮುಳುಗಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಬರೀ ಮಣ್ಣಿನ ಉಂಡೆ ಕರಗಿ ಕುಸಿಯುತ್ತದೆ. ಕುಸಿಯದೆ ನಿಂತ ಉಂಡೆಗಳಲ್ಲಿ ಯಾವುದಕ್ಕೆ ಸುಣ್ಣ ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಪ್ರಮಾಣ. ಇದಕ್ಕೆ ಇಂಜಿನಿಯರ ಬೇಕಿಲ್ಲ.

ಕೆಲಸ ಫೆಬ್ರವರಿಯಿಂದ ಏಪ್ರಿಲಿನೊಳಗೆ ಮುಗಿಯಲಿ. ಮೇಲಿನ ಮೂರು ನಾಲ್ಕು ಇಂಚು ಕಸಕಡ್ಡಿ, ಗೊಬ್ಬರ ಬೆರೆತ ಮಣ್ಣನ್ನು ತೆಗೆದು ಗಿಡದ ಬುಡಕ್ಕೆ ಹಾಕಿ. ಕೊಳೆತ ಪದಾರ್ಥ ಸುಣ್ಣದ ಕೆಲಸ ಕೆಡಿಸುತ್ತದೆ. ಕೆಳಗಿನ ಅರ್ಧ ಅಡಿ ಮಣ್ಣನ್ನು ರೋಟಾವೇಟರಿನಿಂದ ಪುಡಿ ಮಾಡಿ. ಮೀಟರಿಗಿಷ್ಟು ಎಂದು ಚೀಲ ಇಟ್ಟುಕೊಂಡು ಸಮವಾಗಿ ಹರಡಿ, ಒಣದರಲ್ಲೇ ಒಮ್ಮೆ ರೋಟಾವೇಟರ್ ಹಾಯಿಸಿ, ನೀರು ಚಿಮುಕಿಸಿ ಮತ್ತೊಮ್ಮೆ ಹಾಯಿಸಿ. ಎರೆ ಮಣ್ಣಾದರೆ ಒಂದು ದಿನ ಹಾಗೇ ಬಿಟ್ಟು, ಮರುದಿನ ಮತ್ತೆ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಆದರೆ ಕೈಗೆ ನೀರು ಬಿಡಬಾರದು. ಆ ಹದದಲ್ಲಿ ರೋಲರ್ ಎಳೆಯಿರಿ. ಸಿಮೆಂಟು ಹಾಕಿದ್ದರೆ ಬಿಟ್ಟು ಕೂರುವ ಹಾಗಿಲ್ಲ, ನೀರು ಸೋಂಕಿದ ಎರಡು ತಾಸಿನೊಳಗೆ ರೋಲರ್ ಮುಗಿಯಬೇಕು.

ದಾರಿಯ ನಡು ಉಬ್ಬಿರಲಿ. ಎರಡೂವರೆ ಮೀಟರು ಅಗಲದ ದಾರಿಗೆ ನಡುವೆ ಎರಡು ಇಂಚು ಎತ್ತರ, ಎರಡೂ ಬದಿಗೆ ಚರಂಡಿ. ಏಳು ದಿನ ಕಬ್ಬಿನ ರವದಿ ಮುಚ್ಚಿ ನೀರು ಚಿಮುಕಿಸಿ, ಎರಡು ವಾರ ಟ್ರ್ಯಾಕ್ಟರು ಬಿಡಬೇಡಿ. ಕೊನೆಗೆ ಮೇಲೆ ಒಂದೆರಡು ಇಂಚು ಗರಸು ಹರಡಿ ಉರುಳಿಸಿ. ಸುಣ್ಣದ ಮಣ್ಣು ಭಾರ ತಡೆಯುತ್ತದೆ, ಗಾಲಿಯ ಉಜ್ಜುವಿಕೆಯನ್ನು ಗರಸು ತಡೆಯಲಿ. ಈ ಸಲ ಗರಸು ಕೆಳಗಿಳಿಯುವುದಿಲ್ಲ, ಯಾಕೆಂದರೆ ಕೆಳಗಿನ ಮಣ್ಣು ಅದನ್ನು ನುಂಗುವ ಮಣ್ಣಾಗಿ ಉಳಿದಿಲ್ಲ.

ಎಚ್ಚರದ ಮಾತುಗಳು

ಸುಣ್ಣ ಕಣ್ಣಿಗೆ, ಚರ್ಮಕ್ಕೆ ಅಪಾಯ. ಅರಳದ ಸುಟ್ಟ ಸುಣ್ಣವನ್ನು ಹೊಲದಲ್ಲಿ ಹರಡಲೇಬೇಡಿ, ಅರಳಿದ ಪುಡಿಯನ್ನೇ ತನ್ನಿ. ಗಾಳಿಯಿಲ್ಲದ ಬೆಳಗಿನ ಹೊತ್ತು, ಕಣ್ಣಿಗೆ ಕನ್ನಡಕ, ಕೈಗೆ ಚೀಲ, ಮೂಗಿಗೆ ಬಟ್ಟೆ ಕಡ್ಡಾಯ. ಕಣ್ಣಿಗೆ ಬಿದ್ದರೆ ಉಜ್ಜದೆ ಧಾರಾಳ ನೀರಿನಿಂದ ತೊಳೆಯುತ್ತ ದವಾಖಾನೆಗೆ ಕರೆದೊಯ್ಯಿರಿ. ಕೂಲಿಯವರ ಕಣ್ಣು ನಮ್ಮ ಕಣ್ಣಿಗಿಂತ ಅಗ್ಗವಲ್ಲ.

ಗಿಡದ ಬುಡದಿಂದ ಮೂರಡಿಯಾದರೂ ದೂರವಿರಲಿ. ಚುನಖಡಿ ಹೊಲದಲ್ಲಿ ಮೊದಲೇ ದ್ರಾಕ್ಷಿಗೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿಯಾಗುವುದುಂಟು. ಅಲ್ಲಿಗೆ ಮತ್ತೆ ಸುಣ್ಣ ಸೇರಿಸಬಾರದು. ದಾರಿಯ ಮೊದಲ ಮಳೆಯ ನೀರು ಚರಂಡಿಗೆ ಹೋಗಲಿ, ಗಿಡದ ಪಾತಿಗೆ ಬೇಡ.

ಸವಳು ಭೂಮಿ ಸುಧಾರಿಸಲು ಜಿಪ್ಸಂ ಹಾಕಿದ ಹೊಲವಾದರೆ ಸುಣ್ಣದ ದಾರಿ ಮಾಡಬೇಡಿ. ಜಿಪ್ಸಂನ ಸಲ್ಫೇಟು, ಸುಣ್ಣ ಮತ್ತು ಜಿಗುಟು ಮಣ್ಣು ಕೂಡಿದರೆ ದಾರಿ ಬಿಗಿಯುವ ಬದಲು ಉಬ್ಬಿ ಒಡೆಯುತ್ತದೆ.

ಇನ್ನು ಬಾಟಲಿ ಹಿಡಿದು ಬರುವವರು. ‘ಒಂದ್ ಲೀಟರ್ ಹಾಕ್ರಿ, ಮಣ್ಣು ಕಲ್ಲಾಗ್ತದ’ ಎನ್ನುವ ದ್ರಾವಣಗಳು ಪೇಟೆಯಲ್ಲಿವೆ. ಕೆಲವು ಕೆಲವು ಮಣ್ಣಿಗೆ ಕೆಲಸ ಮಾಡಬಹುದು. ಆದರೆ ಕೊಳ್ಳುವ ಮೊದಲು ನಿಮ್ಮ ಹೊಲದ ಮಣ್ಣಿನ ಉಂಡೆ ಮಾಡಿ, ನೀರಿನಲ್ಲಿ ಮುಳುಗಿಸಿ ತೋರಿಸಲು ಹೇಳಿ. ಒಪ್ಪದವರಿಗೆ ನಮಸ್ಕಾರ ಹೇಳಿ ಕಳಿಸಿ.

ಯಾರು ಏನು ಮಾಡಬೇಕು?

ಕಾಂಕ್ರೀಟ್ ಎಲ್ಲೂ ಬೇಡವೆಂಬ ಹಟ ನನಗಿಲ್ಲ. ಹಳ್ಳ ದಾಟುವ ಕಡೆ, ಕಡಿದಾದ ಏರಿನಲ್ಲಿ, ಸದಾ ನೀರು ನಿಲ್ಲುವ ಕಡೆ ಕಲ್ಲು ಅಥವಾ ಕಾಂಕ್ರೀಟೇ ಸರಿ. ಅಂಟು ಹಾಕಿದ ಮಣ್ಣಿಗೂ ವರ್ಷಕ್ಕೊಮ್ಮೆ ಕೈ ಬೇಕು. ಚರಂಡಿ ತೆಗೆಯಬೇಕು, ಗುಂಡಿ ಬಿದ್ದಲ್ಲಿ ತುಂಬಬೇಕು. ಇಷ್ಟು ಮಾಡಲು ಮನಸ್ಸಿಲ್ಲದವರಿಗೆ ಯಾವ ದಾರಿಯೂ ಬಹಳ ದಿನ ಉಳಿಯದು.

ಮಹಾರಾಷ್ಟ್ರ ಸರಕಾರ 2021ರಲ್ಲಿ ಮಾತೋಶ್ರೀ ಹೆಸರಿನಲ್ಲಿ ಶೇತ ಮತ್ತು ಪಾಣಂದ ರಸ್ತೆಗಳ ಯೋಜನೆ ತಂದಿತು. ಹೊಲಗಳಿಗೆ ಹೋಗುವ ಸಾಮಾನ್ಯ ದಾರಿಗಳಿಗೆ ಸಂಬಂಧಿಸಿದ್ದು ಅದು. ಬದು ದಾಟಿ ಒಳಗೆ ಬಂದ ಮೇಲಿನ ದಾರಿ ನಮ್ಮದೇ, ಅದನ್ನು ಯಾವ ಸರಕಾರವೂ ಮಾಡಿಕೊಡುವುದಿಲ್ಲ, ಮಾಡಿಕೊಡಬೇಕೆಂದು ಕೇಳುವುದೂ ಸರಿಯಲ್ಲ. ನಾವು ಕೇಳಬೇಕಾದದ್ದು ತಿಳಿವಳಿಕೆ. ರಸ್ತೆ ಕಾಂಗ್ರೆಸ್ಸಿನ ಮಾರ್ಗದರ್ಶಿ ಇಂಗ್ಲಿಷಿನಲ್ಲಿದೆ. ಅದರಲ್ಲಿ ರೈತನಿಗೆ ಬೇಕಾದದ್ದು ನಾಲ್ಕು ಪುಟ. ಆ ನಾಲ್ಕು ಪುಟ ಕನ್ನಡದಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿ ಕೃಷಿ ಕಚೇರಿಯ ಗೋಡೆಯ ಮೇಲೆ ಬರಲಿ. ಮಣ್ಣು ಪರೀಕ್ಷೆಗೆ ಕೊಟ್ಟಾಗ ಸಾರಜನಕ, ರಂಜಕದ ಜೊತೆಗೆ ಜಿಗುಟು ಎಷ್ಟು, ಸಲ್ಫೇಟು ಎಷ್ಟು ಎಂಬುದನ್ನೂ ಬರೆದು ಕೊಡಲಿ. ಸೊಲ್ಲಾಪುರದಲ್ಲಿ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿದೆ. ಹಣ್ಣಿನ ತಳಿ, ರೋಗಗಳ ಜೊತೆ, ಹಣ್ಣು ಹೊರಗೆ ಬರುವ ದಾರಿಯ ಪ್ರಾತ್ಯಕ್ಷಿಕೆಯೊಂದನ್ನು ಇಂಥ ಸಂಸ್ಥೆಗಳು ಮಾಡಿ ತೋರಿಸಿದರೆ ನೂರು ಭಾಷಣಕ್ಕಿಂತ ಮೇಲು.

ವ್ಯಾಪಾರಸ್ಥರಿಗೂ ಒಂದು ಮಾತು. ಒಬ್ಬೊಬ್ಬ ರೈತ ಹತ್ತು ಚೀಲ ಕೇಳಿದರೆ ಸುಣ್ಣ ಬಣ್ಣದ ದರದಲ್ಲಿ ಸಿಗುತ್ತದೆ. ಐದು ತೋಟದವರು ಕೂಡಿ ಲಾರಿ ಲೆಕ್ಕದಲ್ಲಿ ತರಿಸಿದರೆ ದರ ಇಳಿಯುತ್ತದೆ, ತಾಜಾ ಮಾಲೂ ಸಿಗುತ್ತದೆ. ಅಂಗಡಿಯವರು ಮುಂದಾಗಿ ಈ ಕೂಡಾಟ ಮಾಡಿಸಲಿ. ಲಾಭ ಇಬ್ಬರಿಗೂ.

ಓದುಗ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಒಮ್ಮೆಲೇ ನೂರು ಮೀಟರು ಬೇಡ. ಬರುವ ಬೇಸಿಗೆಯಲ್ಲಿ ಎಲ್ಲಿ ಗಾಲಿ ಹೆಚ್ಚು ಹೂಳುತ್ತದೆಯೋ ಅಲ್ಲಿ ಇಪ್ಪತ್ತು ಮೀಟರು ಮಾಡಿ. ಹದಿನೆಂಟು ಇಪ್ಪತ್ತು ಚೀಲ ಸುಣ್ಣ, ಎರಡು ದಿನದ ಕೆಲಸ. ಪಕ್ಕದಲ್ಲೇ ಇಪ್ಪತ್ತು ಮೀಟರು ಹಳೆಯ ಪದ್ಧತಿಯ ಗರಸಿನ ದಾರಿ ಇರಲಿ. ಒಂದು ಮಳೆಗಾಲ ಎರಡರ ಮೇಲೂ ಟ್ರ್ಯಾಕ್ಟರು ಓಡಿಸಿ, ಅಕ್ಕಪಕ್ಕದವರನ್ನು ಕರೆದು ತೋರಿಸಿ. ಅವರಿಗೂ ನಿಮಗೂ ಕಣ್ಣಾರೆ ಕಂಡದ್ದನ್ನು ನಂಬುವುದು ಸುಲಭ. ಆಮೇಲೆ ಕಾಂಕ್ರೀಟಿಗೆ ಸಾಲ ಮಾಡಬೇಕೋ ಬೇಡವೋ ಎಂಬುದನ್ನು ಸಾವಕಾಶ ಕೂತು ನಿರ್ಧರಿಸಬಹುದು.